ಜೀಪಿನ ಇಂಜಿನ್ ಮೌಂಟ್: ಗಟ್ಟಿ ಮಾಡಿಸುವ ಮೊದಲು ಇಷ್ಟು ನೋಡಿ

ಟಯರು ಸವೆದರೆ ಕಣ್ಣಿಗೆ ಕಾಣುತ್ತದೆ. ಬ್ರೇಕು ಹಿಡಿಯದಿದ್ದರೆ ಕಾಲಿಗೆ ಗೊತ್ತಾಗುತ್ತದೆ. ಆದರೆ ಇಂಜಿನು ಮತ್ತು ಗೇರ್‌ಬಾಕ್ಸನ್ನು ಚಾಸಿಯ ಮೇಲೆ ಹೊತ್ತು ಕೂತಿರುವ ಮೂರು ನಾಲ್ಕು ರಬ್ಬರ್ ತುಂಡುಗಳನ್ನು ಬಗ್ಗಿ ನೋಡುವವರು ಕಡಿಮೆ. ಇವಕ್ಕೆ ಗ್ಯಾರೇಜಿನಲ್ಲಿ ಮೌಂಟ್ ಅಂತಾರೆ. ಕೆಲವರು ಫೌಂಡೇಶನ್ ಅಂತಲೂ ಹೇಳುವುದುಂಟು.

ನಮ್ಮಂಥ ಗುಡ್ಡದ ಊರುಗಳಲ್ಲಿ ಹಳೆಯ ಡೀಸೆಲ್ ಜೀಪು ಈಗಲೂ ಕೃಷಿ ಸಲಕರಣೆಯೇ. ಗೊಬ್ಬರ ತರಲು, ಅಡಿಕೆ ಸಾಗಿಸಲು, ಮಳೆಗಾಲದಲ್ಲಿ ಜನರನ್ನು ಮುಖ್ಯ ರಸ್ತೆಗೆ ಮುಟ್ಟಿಸಲು ಅದೇ ಬೇಕು. ಇಂಥ ಜೀಪಿನ ಮೌಂಟ್ ಹರಿದಾಗ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ: 'ರಬ್ಬರು ಪದೇ ಪದೇ ಹೋಗ್ತದೆ, ಗಟ್ಟಿಯದ್ದು ಹಾಕಿಬಿಡಿ.' ಇದು ಅರ್ಧ ಮಾತ್ರ ಸರಿ. ನನ್ನ ಜೀಪಿನ ಮೌಂಟುಗಳನ್ನು ಪೂರ್ತಿ ಬದಲಿಸುವಾಗ ಓದಿ, ಕೇಳಿ, ಅಳೆದು ನೋಡಿದ ವಿಷಯಗಳನ್ನು ಇಲ್ಲಿ ಬರೆದಿದ್ದೇನೆ.

ಮೌಂಟಿಗೆ ಮೂರು ಕೆಲಸ

ಮೊದಲನೆಯದು ಭಾರ ಹೊರುವುದು. ಎರಡನೆಯದು, ಇಂಜಿನು ಗಾಡಿಯನ್ನು ಎಳೆಯುವಾಗ ತಾನೇ ಮಗುಚದಂತೆ ಹಿಡಿಯುವುದು. ಮೂರನೆಯದು, ಇಂಜಿನಿನ ನಡುಕ ಚಾಸಿಗೆ ದಾಟದಂತೆ ತಡೆಯುವುದು. ಮೊದಲೆರಡಕ್ಕೆ ಗಟ್ಟಿತನ ಬೇಕು, ಮೂರನೆಯದಕ್ಕೆ ಮೆದುತನ ಬೇಕು. ಈ ಜಗಳವನ್ನು ಒಂದು ಅಂಗೈ ಅಗಲದ ರಬ್ಬರು ಸುಧಾರಿಸಬೇಕು. ಅದಕ್ಕೇ ಅದು ಬರೇ ರಬ್ಬರ್ ತುಂಡಲ್ಲ. ಎರಡು ಉಕ್ಕಿನ ತಟ್ಟೆಗಳ ನಡುವೆ ರಬ್ಬರನ್ನು ಬಿಸಿಯಲ್ಲಿ ಬೇಯಿಸಿ ಅಂಟಿಸಿದ ವಸ್ತು.

ಜೀಪಿನಲ್ಲಿ ಇಂಜಿನು ಉದ್ದಕ್ಕೆ ಕೂತಿರುತ್ತದೆ. ಮುಂದುಗಡೆ ಇಂಜಿನಿನ ಎಡಬಲಗಳಲ್ಲಿ ಒಂದೊಂದು ಮೌಂಟ್. ಹಿಂದೆ ಗೇರ್‌ಬಾಕ್ಸಿನ ಅಡಿಯಲ್ಲಿ, ಚಾಸಿಗೆ ಅಡ್ಡ ಹಾಕಿದ ಕ್ರಾಸ್ ಮೆಂಬರಿನ ಮೇಲೆ ಇನ್ನೊಂದು. ಕೆಲವು ಮಾಡೆಲಿಗೆ ಹಿಂದೆ ಎರಡು ಇರುವುದೂ ಉಂಟು.

ಚಡಾವಿನಲ್ಲಿ ಬೀಳುವ ಭಾರ ಎಷ್ಟು?

ಇಂಜಿನು ಪ್ರೊಪೆಲ್ಲರ್ ಶಾಫ್ಟನ್ನು ಒಂದು ಕಡೆಗೆ ತಿರುಚಿದರೆ, ಶಾಫ್ಟು ಇಂಜಿನನ್ನೂ ಗೇರ್‌ಬಾಕ್ಸನ್ನೂ ಅಷ್ಟೇ ಬಲದಿಂದ ಎದುರು ಕಡೆಗೆ ತಿರುಚುತ್ತದೆ. ಸಪಾಟು ರಸ್ತೆಯಲ್ಲಿ ಟಾಪ್ ಗೇರಿನಲ್ಲಿ ಹೋಗುವಾಗ ಇದು ದೊಡ್ಡದಲ್ಲ. ತೋಟದ ಚಡಾವಿನಲ್ಲಿ ಲೆಕ್ಕ ಬೇರೆ.

ಇಂಜಿನು 12 ಕಿಲೋಗ್ರಾಂ-ಮೀಟರ್ ತಿರುಚುಬಲ ಕೊಡುತ್ತದೆ ಎಂದಿಟ್ಟುಕೊಳ್ಳಿ. ಫಸ್ಟ್ ಗೇರು ಅದನ್ನು ಸುಮಾರು 4 ಪಾಲು ಮಾಡಿದರೆ 48 ಆಯಿತು. ಫೋರ್ ವೀಲ್ ಹಾಕಿ ಲೋ ಗೇರಿಗೆ ತಂದರೆ ಮತ್ತೆ ಎರಡೂವರೆ ಪಾಲು, ಅಲ್ಲಿಗೆ 120. ಎಡ ಮತ್ತು ಬಲ ಮೌಂಟುಗಳ ನಡುವೆ ಅರ್ಧ ಮೀಟರ್ ಅಂತರವಿದ್ದು, ಈ ತಿರುಚನ್ನೆಲ್ಲ ಅವೇ ತಡೆಯಬೇಕಾದರೆ, ಒಂದು ಬದಿಗೆ 240 ಕಿಲೋ ಒತ್ತಡ, ಇನ್ನೊಂದು ಬದಿಗೆ 240 ಕಿಲೋ ಎಳೆತ. ಹಿಂದಿನ ಮೌಂಟ್ ಸರಿ ಇದ್ದರೆ ಅದೂ ಇದರಲ್ಲಿ ಪಾಲು ಹೊರುತ್ತದೆ. ಅದು ಸತ್ತಿದ್ದರೆ ಪೂರಾ ಹೊರೆ ಮುಂದಿನವುಗಳ ತಲೆ ಮೇಲೆ.

ರಬ್ಬರಿಗೆ ಒತ್ತಿದರೆ ತ್ರಾಸವಿಲ್ಲ, ಎಳೆದರೆ ಕಷ್ಟ. ಜೀಪಿನ ಇಂಜಿನು ಎದುರಿನಿಂದ ನೋಡಿದರೆ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಹಾಗಾಗಿ ಮುಂದಕ್ಕೆ ಹೋಗುವಾಗ ಇಡೀ ಇಂಜಿನು ಬಲಕ್ಕೆ ವಾಲಿ, ಎಡಬದಿ ಮೇಲೇಳಲು ನೋಡುತ್ತದೆ. ಎಡಗಡೆಯ ಮೌಂಟ್ ಮೊದಲು ಹರಿಯುವುದಕ್ಕೆ ಕಾರಣ ಇದೇ. ರಿವರ್ಸಿನಲ್ಲಿ ಇದು ತಿರುಗುಮುರುಗು. ಭಾರ ಹೇರಿ ರಿವರ್ಸಿನಲ್ಲೇ ಏರು ಹತ್ತಿಸುವ ಜಾಗ ಇರುವವರು ಬಲಗಡೆಯದ್ದನ್ನೂ ನೋಡುತ್ತಿರಬೇಕು.

ಹರಿದರೆ ಏನಾಗುತ್ತದೆ?

ಎಷ್ಟೋ ಸಲ ಏನೂ ಆಗುವುದಿಲ್ಲ, ಕಟಕಟ ಸದ್ದಿನಲ್ಲೇ ತಿಂಗಳುಗಟ್ಟಲೆ ಓಡುತ್ತದೆ. ಅಪಾಯ ಇರುವುದೂ ಅಲ್ಲೇ. ನಮ್ಮ ನೆರೆಕರೆಯ ಒಬ್ಬರ ಜೀಪಿನ ಎಡ ಮೌಂಟ್ ಪೂರ್ತಿ ಬಿಟ್ಟಿತ್ತು. ಹಿಂದೆ ಗೊಬ್ಬರದ ಚೀಲ, ಅದರ ಮೇಲೆ ಇಬ್ಬರು ಕೆಲಸದವರು. ಚಡಾವಿನ ಬುಡದಲ್ಲಿ ಕ್ಲಚ್ ಬಿಟ್ಟದ್ದೇ ತಡ, ಇಂಜಿನಿನ ಎಡಬದಿ ಮೇಲೆದ್ದಿತು. ಅದರ ಜೊತೆಗೆ ಎಕ್ಸಲೇಟರಿನ ರಾಡ್ ಎಳೆಯಲ್ಪಟ್ಟು, ಕಾಲು ತೆಗೆದರೂ ಇಂಜಿನು ರೈಸ್ ಆಗುತ್ತಲೇ ಹೋಯಿತು. ಜೋರು ಎಳೆದಷ್ಟೂ ಇಂಜಿನು ಏಳುತ್ತದೆ, ಎದ್ದಷ್ಟೂ ರಾಡ್ ಎಳೆಯುತ್ತದೆ. ಜೀಪು ರಸ್ತೆ ಬಿಟ್ಟು ದರೆಗೆ ಮೂಗು ಕೊಟ್ಟು ನಿಂತಿತು. ಅದು ದರೆಯ ಬದಿ. ಇನ್ನೊಂದು ಬದಿಯಲ್ಲಿ ತೋಟ, ಎರಡಾಳು ಆಳಕ್ಕೆ.

ಇದೇನೂ ಹಳ್ಳಿಯ ಹಳೆ ಗಾಡಿಗೆ ಮಾತ್ರ ಬರುವ ಕಾಯಿಲೆಯಲ್ಲ. 1971ರ ಡಿಸೆಂಬರಿನಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಂಪೆನಿ ತನ್ನ ಷೆವರ್ಲೆ ಕಾರು ಮತ್ತು ಸಣ್ಣ ಟ್ರಕ್ಕುಗಳನ್ನು 66 ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ವಾಪಸು ಕರೆಸಬೇಕಾಯಿತು. ಕಾರಣ ಇಂಜಿನ್ ಮೌಂಟ್. ರಬ್ಬರು ಬಿಟ್ಟು, ಇಂಜಿನು ಮೇಲೆದ್ದು, ಎಕ್ಸಲೇಟರ್ ತೆರೆದೇ ಉಳಿಯುತ್ತಿತ್ತು. ಕಂಪೆನಿ ಮಾಡಿದ ಪರಿಹಾರವೂ ಸರಳ: ಮೌಂಟ್ ಹರಿದರೂ ಇಂಜಿನು ಹೆಚ್ಚು ಏಳದಂತೆ ಒಂದು ತಡೆ ಕಟ್ಟಿದರು. ಇದು ನಮಗೂ ಉಪಯೋಗಕ್ಕೆ ಬರುವ ಉಪಾಯ. ಮುಂದೆ ಹೇಳುತ್ತೇನೆ.

ಹೀಗಾದರೆ ಚಾಲಕ ಮಾಡಬೇಕಾದ್ದು: ತಕ್ಷಣ ಕ್ಲಚ್ ಪೂರ್ತಿ ಒತ್ತಿ ಬ್ರೇಕ್ ಹಿಡಿಯುವುದು, ಸ್ಟಾಪ್ ನಾಬ್ ಎಳೆಯುವುದು ಅಥವಾ ಕೀ ಆಫ್ ಮಾಡುವುದು. ಕ್ಲಚ್ ಒತ್ತಿದ ಕೂಡಲೇ ತಿರುಚು ನಿಂತು ಇಂಜಿನು ತನ್ನ ಜಾಗಕ್ಕೆ ಇಳಿಯುತ್ತದೆ. ಜೀಪು ಓಡಿಸುವ ಮನೆಯವರಿಗೆಲ್ಲ ಇದನ್ನು ಹೇಳಿಡಿ.

ಮೆದುತನದ ಲೆಕ್ಕ

ಮೊದಲಿನ ಕಾಲದ ಕಾರುಗಳಲ್ಲಿ ಇಂಜಿನನ್ನು ಚಾಸಿಗೆ ನೇರ ಬೋಲ್ಟ್ ಮಾಡುವುದೇ ರೂಢಿ. 1931ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪೆನಿ ತನ್ನ ಪ್ಲಿಮತ್ ಕಾರಿನಲ್ಲಿ ಇಂಜಿನನ್ನು ಮೆದು ರಬ್ಬರಿನ ಮೇಲೆ ತೂಗಾಡಲು ಬಿಟ್ಟಿತು. ನಾಲ್ಕು ಸಿಲಿಂಡರಿನ ಅಗ್ಗದ ಕಾರು ಎಂಟು ಸಿಲಿಂಡರಿನದ್ದರ ಹಾಗೆ ನಯವಾಗಿ ಓಡುತ್ತದೆ ಎಂದು ಅವರು ಪ್ರಚಾರ ಮಾಡಿದರು. ಫ್ರಾನ್ಸಿನ ಸಿಟ್ರೋಎನ್ ಕಂಪೆನಿ ಆ ವಿಧಾನದ ಹಕ್ಕು ಕೊಂಡಿತು. ಇಂದಿನ ಹೆಚ್ಚಿನ ಕಾರುಗಳೂ ಅದೇ ದಾರಿ ಹಿಡಿದಿವೆ.

ಇದರ ಗುಟ್ಟು ಇಷ್ಟು. ನಾಲ್ಕು ಸಿಲಿಂಡರಿನ ಡೀಸೆಲ್ ಇಂಜಿನು ಐಡ್ಲಿಂಗಿನಲ್ಲಿ ನಿಮಿಷಕ್ಕೆ 750 ಸುತ್ತು ತಿರುಗುವಾಗ ಸೆಕೆಂಡಿಗೆ 25 ಸಲ ಉರಿದು ಗುದ್ದುತ್ತದೆ. ಮೌಂಟಿನ ಮೇಲೆ ಕೂತ ಇಂಜಿನಿಗೂ ತನ್ನದೇ ಒಂದು ಕುಣಿತದ ವೇಗವಿದೆ. ಉಯ್ಯಾಲೆಗೆ ಅದರದ್ದೇ ತಾಳ ಇದ್ದ ಹಾಗೆ. ಗುದ್ದಿನ ತಾಳಕ್ಕೆ ಈ ತಾಳ ಹತ್ತಿರ ಬಂದರೆ ನಡುಕ ದೊಡ್ಡದಾಗುತ್ತದೆ, ದೂರ ಕೆಳಗಿದ್ದರೆ ನಡುಕ ರಬ್ಬರಿನಲ್ಲೇ ಮುಗಿಯುತ್ತದೆ.

ಈ ತಾಳವನ್ನು ನಾವೇ ಲೆಕ್ಕ ಹಾಕಬಹುದು. ಇಂಜಿನಿನ ಭಾರ ಬಿದ್ದಾಗ ರಬ್ಬರು ಎಷ್ಟು ಮಿಲಿಮೀಟರ್ ಕುಸಿಯುತ್ತದೆಂದು ಅಳೆಯಿರಿ. ಅದರ ವರ್ಗಮೂಲದಿಂದ 15.8ನ್ನು ಭಾಗಿಸಿ. ಬರುವ ಉತ್ತರ ಸೆಕೆಂಡಿಗೆ ಎಷ್ಟು ಕುಣಿತ ಎಂಬುದು.

* 4 ಮಿ.ಮೀ. ಕುಸಿದರೆ: ಸೆಕೆಂಡಿಗೆ ಸುಮಾರು 8. ಗುದ್ದಿನ ಒಂಬತ್ತರಲ್ಲಿ ಒಂದು ಪಾಲು ಮಾತ್ರ ಚಾಸಿಗೆ ದಾಟುತ್ತದೆ.
* 1 ಮಿ.ಮೀ. ಕುಸಿದರೆ: ಸುಮಾರು 16. ಮೂರರಲ್ಲಿ ಎರಡು ಪಾಲು ದಾಟುತ್ತದೆ.
* ಅರ್ಧ ಮಿ.ಮೀ. ಕುಸಿದರೆ: ಸುಮಾರು 22. ಗುದ್ದಿನ ತಾಳಕ್ಕೆ ತೀರಾ ಹತ್ತಿರ. ಗುದ್ದು ನಾಲ್ಕು ಪಾಲು ದೊಡ್ಡದಾಗಿ ದಾಟುತ್ತದೆ!

ರಬ್ಬರಿಗೆ ನಡುಕ ನುಂಗುವ ಗುಣ ಇರುವುದರಿಂದ ನಿಜದಲ್ಲಿ ಈ ಅಂಕಿಗಳು ಸ್ವಲ್ಪ ಆಚೀಚೆ ಆಗುತ್ತವೆ. ಆದರೆ ದಿಕ್ಕು ಇದೇ. ಹೆಚ್ಚು ಗಟ್ಟಿಯಾದ ಮೌಂಟ್ ಬರೇ ನಡುಕ ದಾಟಿಸುವುದಲ್ಲ, ಕೆಲವು ವೇಗಗಳಲ್ಲಿ ಅದನ್ನು ಬೆಳೆಸುತ್ತದೆ.

'ಪಂಪಿನ ಡೀಸೆಲ್ ಇಂಜಿನನ್ನು ನೇರ ಕಾಂಕ್ರೀಟಿಗೇ ಬೋಲ್ಟ್ ಮಾಡ್ತೇವಲ್ಲ, ಅದಕ್ಕೇನೂ ಆಗುವುದಿಲ್ಲವಲ್ಲ' ಎಂದು ಕೇಳುವವರಿದ್ದಾರೆ. ಅಲ್ಲಿ ನಡುಕ ತಡೆಯುವುದು ಕಾಂಕ್ರೀಟಿನ ಭಾರ ಮತ್ತು ಅದರಡಿಯ ನೆಲ. ಜೀಪಿನ ಚಾಸಿಗೆ ಆ ಭಾರವಿಲ್ಲ. ಮೇಲಾಗಿ ಅದಕ್ಕೆ ರೇಡಿಯೇಟರು, ಡೀಸೆಲ್ ಪೈಪು, ಬ್ಯಾಟರಿ, ಲೈಟು ಎಲ್ಲ ಕಟ್ಟಿದ್ದೇವೆ, ನಾವೂ ಕೂತಿದ್ದೇವೆ.

ಟಯರ್ ತುಂಡು, ಪಿ.ಯು. ಮೌಂಟ್

ಹಳೆ ಟಯರಿನ ತುಂಡು ಕೊಯ್ದು ಮೌಂಟಿನ ಜಾಗಕ್ಕೆ ಇಡುವುದು ನಮ್ಮಲ್ಲಿ ರೂಢಿ. ದಾರಿಯಲ್ಲಿ ಕೈಕೊಟ್ಟಾಗ ಮನೆ ಮುಟ್ಟಲು ಇದು ಒಳ್ಳೆಯದೇ. ಆದರೆ ಅದನ್ನೇ ಖಾಯಂ ಮಾಡಬಾರದು. ಟಯರಿನೊಳಗೆ ನೈಲಾನ್ ನೂಲಿನ ಪದರ ಇರುವುದರಿಂದ ಅದು ಕುಸಿಯುವುದು ಬಹಳ ಕಡಿಮೆ. ಅದಕ್ಕಿಂತ ಮುಖ್ಯ, ಮೇಲಿನಿಂದ ಕೆಳಗಿನವರೆಗೆ ಒಂದೇ ಬೋಲ್ಟ್ ದಾಟಿಸುತ್ತೇವಲ್ಲ, ನಡುಕ ಆ ಬೋಲ್ಟಿನ ಮೂಲಕವೇ ಚಾಸಿಗೆ ಹೋಗುತ್ತದೆ. ರಬ್ಬರು ಇದ್ದೂ ಇಲ್ಲದ ಹಾಗೆ.

ಈಗ ಪಾಲಿಯುರೆಥೇನ್, ಅಂದರೆ ಪಿ.ಯು. ಮೌಂಟುಗಳೂ ಸಿಗುತ್ತವೆ. ಎಣ್ಣೆಗೆ ಹಾಳಾಗುವುದಿಲ್ಲ, ಬೇಗ ಹರಿಯುವುದಿಲ್ಲ, ಗೇರು ಲಿವರಿನ ಅಲುಗಾಟ ಕಡಿಮೆಯಾಗುತ್ತದೆ. ರೇಸಿನ ಕಾರಿನವರು ಇಷ್ಟಪಡುವುದು ಇದಕ್ಕೇ. ಸಾಮಾನ್ಯ ಮೌಂಟಿನ ರಬ್ಬರು ಶೋರ್ ಅಳತೆಯಲ್ಲಿ 50-60 ಇದ್ದರೆ ಪಿ.ಯು. 70ರಿಂದ 90ರವರೆಗೂ ಇರುತ್ತದೆ. ಡೀಸೆಲ್ ಜೀಪಿನಲ್ಲಿ ಮೂರೂ ಕಡೆ ಇದನ್ನು ಹಾಕಿದರೆ ಸ್ಟೇರಿಂಗಿನಲ್ಲಿ ಕೈ ಜೋಮು ಹಿಡಿಯುತ್ತದೆ. ಬ್ರಾಕೆಟ್ಟಿನ ವೆಲ್ಡಿಂಗ್ ಸೀಳುವುದು, ರೇಡಿಯೇಟರಿನ ಬೆಸುಗೆ ಬಿಡುವುದು, ಬಲ್ಬು ಹೋಗುವುದು ಒಂದೊಂದೇ ಶುರುವಾಗಬಹುದು. ಮೌಂಟಿನಲ್ಲಿ ಉಳಿಸಿದ ದುಡ್ಡು ಬೇರೆ ಕಡೆ ಹೋಗುತ್ತದೆ.

ನಾನು ಆರಿಸಿದ ದಾರಿ

ನನ್ನ ಜೀಪಿಗೆ ಮಾಡಿಸಿದ್ದು ಹೀಗೆ. ಮುಂದಿನ ಎರಡಕ್ಕೆ ಕಂಪೆನಿ ಅಳತೆಯ ಮೆದು ರಬ್ಬರಿನ ಮೌಂಟ್. ಹಿಂದೆ ಗೇರ್‌ಬಾಕ್ಸಿನ ಅಡಿಗೆ ಮಾತ್ರ ಅದಕ್ಕಿಂತ ಒಂದು ಮೆಟ್ಟಿಲು ಗಟ್ಟಿಯಾದ ರಬ್ಬರು. ಎಡಬದಿಯಲ್ಲಿ ಇಂಜಿನ್ ಬ್ರಾಕೆಟ್ಟಿನಿಂದ ಚಾಸಿಗೆ ಒಂದು ಗಟ್ಟಿ ಸಂಕೋಲೆ. ಸಂಕೋಲೆಯನ್ನು ಬಿಗಿ ಕಟ್ಟಬಾರದು. ಇಂಜಿನು ಒಂದು ಬೆರಳು ಏಳುವಷ್ಟು ಸಡಿಲ ಬಿಡಬೇಕು. ದಿನನಿತ್ಯದ ಓಟದಲ್ಲಿ ಅದು ಸುಮ್ಮನೆ ನೇತಾಡುತ್ತದೆ. ಮೌಂಟ್ ಹರಿದ ದಿನ ಮಾತ್ರ ಅದಕ್ಕೆ ಕೆಲಸ. ನಟ್ಟು ಬೋಲ್ಟು ಸೇರಿ ಇಡೀ ಸೆಟ್ಟಿಗೆ ಒಂದು ಹೊಸ ಟಯರಿನಷ್ಟೂ ಖರ್ಚಾಗಲಿಲ್ಲ. ಕೆಲಸ ಅರ್ಧ ದಿನದ್ದು.

ಕೆಲವು ಮೌಂಟುಗಳಲ್ಲಿ ಮೇಲಿನ ತಟ್ಟೆಯೂ ಕೆಳಗಿನ ತಟ್ಟೆಯೂ ಒಂದಕ್ಕೊಂದು ಕೊಕ್ಕೆಯ ಹಾಗೆ ಸಿಕ್ಕಿಕೊಂಡಿರುತ್ತವೆ. ರಬ್ಬರು ಹೋದರೂ ಇಂಜಿನು ಬಿಟ್ಟು ಹೋಗುವುದಿಲ್ಲ. ನಿಮ್ಮ ಮಾಡೆಲಿಗೆ ಅಂಥದ್ದು ಸಿಕ್ಕಿದರೆ ಬೆಲೆ ಸ್ವಲ್ಪ ಜಾಸ್ತಿಯಾದರೂ ಅದನ್ನೇ ತನ್ನಿ.

ಮನೆಯಲ್ಲೇ ಪರೀಕ್ಷೆ

ಸಪಾಟು ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಹಿಂದೆ ಮುಂದೆ ಕಟ್ಟೆ ಕೊಡಿ. ಬಾನೆಟ್ ತೆಗೆಯಿರಿ. ಒಬ್ಬರು ಬ್ರೇಕ್ ಒತ್ತಿಕೊಂಡೇ ಫಸ್ಟ್ ಗೇರಿನಲ್ಲಿ ಕ್ಲಚ್ಚನ್ನು ಹಿಡಿಯುವಷ್ಟೇ ಬಿಟ್ಟು ಮತ್ತೆ ಒತ್ತಲಿ. ಇನ್ನೊಬ್ಬರು ಬದಿಯಲ್ಲಿ ನಿಂತು ನೋಡಲಿ. ಜೀಪಿನ ಎದುರು ಅಥವಾ ಹಿಂದೆ ಯಾರೂ ನಿಲ್ಲಕೂಡದು. ಇಂಜಿನು ಸ್ವಲ್ಪ ವಾಲುವುದು ಸಹಜ. ಬ್ರಾಕೆಟ್ಟಿಗೂ ರಬ್ಬರಿಗೂ ನಡುವೆ ಬೆಳಕು ಕಂಡರೆ, ಇಂಜಿನು ಇಂಚಿನಷ್ಟು ಎದ್ದು ದಡ್ ಎಂದು ಕೂತರೆ ಮೌಂಟ್ ಮುಗಿದಿದೆ. ರಿವರ್ಸಿನಲ್ಲೂ ಹೀಗೇ ನೋಡಿ.

ಈ ಲಕ್ಷಣಗಳೂ ಸುಳಿವು ಕೊಡುತ್ತವೆ: ಐಡ್ಲಿಂಗಿನಲ್ಲಿ ಹಿಂದೆ ಇಲ್ಲದ ನಡುಕ, ಕ್ಲಚ್ ಬಿಡುವಾಗ ಜಗ್ಗಾಟ, ಗೇರು ಲಿವರ್ ಕುಣಿಯುವುದು ಅಥವಾ ಗೇರು ತಾನಾಗಿ ಹಾರುವುದು, ರೇಡಿಯೇಟರಿಗೆ ಫ್ಯಾನ್ ತಾಗಿದ ಗೀರು, ಸೈಲೆನ್ಸರ್ ಪೈಪು ಒಂದೇ ಜಾಗದಲ್ಲಿ ಪದೇ ಪದೇ ಸೀಳುವುದು. ಸೈಲೆನ್ಸರಿಗೆ ಮೂರನೇ ಸಲ ವೆಲ್ಡಿಂಗ್ ಮಾಡಿಸುವ ಮೊದಲು ಗೇರ್‌ಬಾಕ್ಸ್ ಮೌಂಟ್ ನೋಡಿ.

ಕೂರಿಸುವ ಕ್ರಮ

1. ಎಲ್ಲ ಮೌಂಟುಗಳನ್ನೂ ಒಟ್ಟಿಗೆ ಬದಲಿಸಿ. ಒಂದೇ ಹೊಸದು ಹಾಕಿದರೆ ಕುಸಿದ ಹಳೆಯವುಗಳ ಹೊರೆಯನ್ನೂ ಅದೇ ಹೊತ್ತು ಬೇಗ ಹರಿಯುತ್ತದೆ. ಆದರೆ ಬಿಚ್ಚುವುದು ಒಂದೊಂದೇ.

2. ಬ್ಯಾಟರಿಯ ನೆಗೆಟಿವ್ ವಯರ್ ಬಿಚ್ಚಿ. ಸೈಲೆನ್ಸರಿನ ಜೋಡಣೆ ಸಡಿಲಿಸಿ. ಇಂಜಿನು ಎತ್ತುವಾಗ ರೇಡಿಯೇಟರ್ ಹೋಸು, ಡೀಸೆಲ್ ಪೈಪು, ಎಕ್ಸಲೇಟರ್ ರಾಡ್ ಎಳೆಯಲ್ಪಡದಂತೆ, ಫ್ಯಾನ್ ರೇಡಿಯೇಟರಿಗೆ ತಾಗದಂತೆ ನೋಡಿ.

3. ಎಣ್ಣೆ ತುಂಬುವ ಚೇಂಬರು ತೆಳು ತಗಡಿನದ್ದು. ಅದಕ್ಕೆ ನೇರ ಜಾಕ್ ಕೊಟ್ಟರೆ ತಗ್ಗಾಗುತ್ತದೆ. ಅಗಲದ ದಪ್ಪ ಹಲಗೆ ಇಟ್ಟು ಜಾಕ್ ಕೊಡಿ. ಚೈನ್ ಬ್ಲಾಕಿನಲ್ಲಿ ಮೇಲಿನಿಂದ ಎತ್ತುವುದು ಇನ್ನೂ ಉತ್ತಮ. ಬರೇ ಜಾಕಿನ ಭರವಸೆಯಲ್ಲಿ ಇಂಜಿನಿಗೂ ಚಾಸಿಗೂ ನಡುವೆ ಕೈ ಹಾಕಬೇಡಿ. ಮರದ ಕಟ್ಟೆ ಕೊಟ್ಟ ಮೇಲೆಯೇ ಕೈ.

4. ಬ್ರಾಕೆಟ್ಟನ್ನು ಉಜ್ಜಿ ತೊಳೆದು ಸೀಳು ಇದೆಯೋ ನೋಡಿ. ಸೀಳಿದ ಬ್ರಾಕೆಟ್ಟಿನ ಮೇಲೆ ಹೊಸ ಮೌಂಟ್ ಇಟ್ಟು ಪ್ರಯೋಜನವಿಲ್ಲ.

5. ಬೋಲ್ಟುಗಳನ್ನು ಮೊದಲು ಕೈಯಲ್ಲೇ ತಿರುಗಿಸಿ ಬಿಡಿ. ಭಾರ ಇಳಿಸಿ, ಬ್ಯಾಟರಿ ವಯರ್ ಕೊಟ್ಟು, ಒಂದೆರಡು ನಿಮಿಷ ಐಡ್ಲಿಂಗಿನಲ್ಲಿ ಓಡಿಸಿ ಆಫ್ ಮಾಡಿ. ಇಂಜಿನು ತನ್ನ ಜಾಗ ಹುಡುಕಿ ಕೂತ ಮೇಲೆ ಬಿಗಿ ಮಾಡಿ. ಮೊದಲೇ ಬಿಗಿದರೆ ರಬ್ಬರು ತಿರುಚಿಕೊಂಡೇ ಇರುತ್ತದೆ. ಸ್ಪ್ರಿಂಗ್ ವಾಷರ್ ಹೊಸದು ಹಾಕಿ. 500 ಕಿಲೋಮೀಟರ್ ಆದ ಮೇಲೆ ಮತ್ತೊಮ್ಮೆ ಬಿಗಿ ನೋಡಿ.

ರಬ್ಬರ್ ಬೆಳೆಗಾರರಿಗೆ ಗೊತ್ತಿರುವ ವಿಷಯ

ಒಳ್ಳೆಯ ಮೌಂಟಿನ ರಬ್ಬರು ನಮ್ಮ ಗುಡ್ಡಗಳ ಮರದಿಂದ ಇಳಿಯುವ ನೈಸರ್ಗಿಕ ರಬ್ಬರೇ. ಸಾವಿರಗಟ್ಟಲೆ ಸಲ ಎಳೆದು ಬಿಟ್ಟರೂ ಹರಿಯದ ಗುಣದಲ್ಲಿ ಹೆಚ್ಚಿನ ಕೃತಕ ರಬ್ಬರುಗಳು ಅದಕ್ಕೆ ಸಮವಲ್ಲ. ಅದರ ಶತ್ರುಗಳು ಎರಡು: ಎಣ್ಣೆ ಮತ್ತು ಬಿಸಿ. ಶೀಟಿನ ತುಂಡನ್ನು ಡೀಸೆಲಿನಲ್ಲಿ ನೆನೆಹಾಕಿ ನೋಡಿ, ಉಬ್ಬಿ ಅಂಟಂಟಾಗುತ್ತದೆ. ಬೇಯಿಸಿದ ರಬ್ಬರು ಅಷ್ಟು ಬೇಗ ಹಾಳಾಗದಿದ್ದರೂ ದಾರಿ ಅದೇ. ಹಾಗಾಗಿ ಇಂಜಿನಿನಿಂದ ಎಣ್ಣೆ, ಪೈಪಿನಿಂದ ಡೀಸೆಲು ಮೌಂಟಿನ ಮೇಲೆ ಸೋರುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ. 'ಕಿರಕಿರ ಅಂತದೆ' ಎಂದು ಮೌಂಟಿಗೆ ಗ್ರೀಸ್ ಹಚ್ಚಬೇಡಿ. ಸೈಲೆನ್ಸರ್ ಪೈಪು ಹತ್ತಿರ ಇರುವ ಕಡೆ ತಗಡಿನ ಒಂದು ಮರೆ ಕಟ್ಟಿದರೆ ಬಿಸಿ ತಾಗುವುದಿಲ್ಲ.

ಅಂಗಡಿಗೆ ಹೋಗುವಾಗ ಹಳೆಯ ಮೌಂಟುಗಳನ್ನು ಜೊತೆಗೇ ಒಯ್ಯಿರಿ. ಎಡದ್ದೂ ಬಲದ್ದೂ ಬೇರೆ ಇರಬಹುದು. ಹೊಸದನ್ನು ಉಗುರಿನಿಂದ ಒತ್ತಿ ನೋಡಿ, ಸ್ವಲ್ಪ ತಗ್ಗಿ ಮತ್ತೆ ಮೇಲೆ ಬರಬೇಕು. ಉಕ್ಕಿಗೂ ರಬ್ಬರಿಗೂ ಅಂಟಿದ ಅಂಚಿನಲ್ಲಿ ಸಂದು ಕಾಣಬಾರದು. ವರ್ಷಗಟ್ಟಲೆ ಕಪಾಟಿನಲ್ಲಿದ್ದ ರಬ್ಬರಿನ ಮೈಯಲ್ಲಿ ಕೂದಲೆಳೆಯಂಥ ಬಿರುಕು ಇರುತ್ತದೆ. ಅಗ್ಗಕ್ಕೆ ಕೊಟ್ಟರೂ ಅದು ಬೇಡ.

ಕಾರು ಇರುವವರಿಗೆ

ಮಾರುತಿಯಂಥ ಸಣ್ಣ ಕಾರುಗಳಲ್ಲಿ ಇಂಜಿನು ಅಡ್ಡಕ್ಕೆ ಕೂತಿರುತ್ತದೆ. ಎಳೆಯುವುದು ಮುಂದಿನ ಚಕ್ರ. ಅಲ್ಲಿ ಇಂಜಿನು ಎಡಬಲಕ್ಕಲ್ಲ, ಹಿಂದೆ ಮುಂದೆ ವಾಲುತ್ತದೆ. 1983ರಲ್ಲಿ ಬಂದ ಮಾರುತಿ 800ರದ್ದು 796 ಸಿ.ಸಿ.ಯ ಮೂರು ಸಿಲಿಂಡರ್. ಮೂರು ಸಿಲಿಂಡರಿನ ಇಂಜಿನಿಗೆ ತೊಟ್ಟಿಲಿನ ಹಾಗೆ ತೂಗುವ ಸ್ವಭಾವ ಹುಟ್ಟಿನಿಂದಲೇ ಇದೆ. ಅದರಲ್ಲೂ ಐಡ್ಲಿಂಗಿನಲ್ಲಿ 900 ಸುತ್ತಿಗೆ ಸೆಕೆಂಡಿಗೆ 22.5 ಗುದ್ದು ಮಾತ್ರ. ಗುದ್ದಿನ ತಾಳ ಕೆಳಗಿದ್ದಷ್ಟೂ ಮೌಂಟ್ ಮೆದುವೇ ಇರಬೇಕು. ಇಂಥ ಕಾರಿಗೆ ಗಟ್ಟಿ ಮೌಂಟ್ ಹಾಕಿದರೆ ಕನ್ನಡಿಯಲ್ಲಿ ಹಿಂದಿನ ವಾಹನವೇ ಸರಿ ಕಾಣದು. ಕೆಲವು ಹೊಸ ಕಾರುಗಳಲ್ಲಿ ಒಳಗೆ ದ್ರವ ತುಂಬಿದ ಮೌಂಟ್ ಇರುತ್ತದೆ. ಅದರಿಂದ ದ್ರವ ಜಿನುಗಿದ ಕಲೆ ಕಂಡರೆ ಅದೇ ಜಾತಿಯದ್ದನ್ನು ಹಾಕಬೇಕು.

ಅಡಿಕೆ ಕೊಯ್ಲು ಶುರುವಾಗುವ ಮೊದಲು ವರ್ಷಕ್ಕೊಮ್ಮೆ ಬಾನೆಟ್ ತೆಗೆದು ಎಡಬದಿಯ ಮೌಂಟಿಗೊಂದು ಟಾರ್ಚ್ ಹಾಕಿ ನೋಡಿ. ಗೇರ್‌ಬಾಕ್ಸಿನಡಿಯದ್ದನ್ನು ಲಿವರ್ ಕೊಟ್ಟು ಅಲುಗಿಸಿ ನೋಡಿ. ಹತ್ತು ನಿಮಿಷ ಸಾಕು. ಬಿಟ್ಟಿದೆ ಅಂತಾದರೆ, ಬದಲಿಸುವವರೆಗೆ ಹಿಂದೆ ಜನ ಹತ್ತಿಸಿಕೊಂಡು ಚಡಾವು ಏರಬೇಡಿ.